ನಾಯಿಯನ್ನೂ ಕರೆದುಕೊಂಡು ಘಟ್ಟ ಹತ್ತುವುದು ಹೇಗೆ?

ಬೊಳ್ಳು ನಮ್ಮ ಮನೆಯ ನಾಯಿ. ಮಂಗಳೂರಿನ ಕದ್ರಿಯ ಒಂದು ಅಡ್ಡರಸ್ತೆಯಲ್ಲಿ ಮಳೆಗಾಲದಲ್ಲಿ ಸಿಕ್ಕಿದ ನಾಡನಾಯಿ. ಬಿಳಿ ಬಣ್ಣ, ಹಾಗಾಗಿ ಬೊಳ್ಳು. ನಮ್ಮ ಕಡೆ ಬಿಳಿ ನಾಯಿಗೆ ಬೇರೆ ಹೆಸರು ಯಾರೂ ಹುಡುಕುವುದಿಲ್ಲ. ಅವನನ್ನು ಮೊದಲ ಸಲ ಘಟ್ಟದ ಮೇಲಿನ ಒಂದು ಹೋಂಸ್ಟೇಗೆ ಕರೆದುಕೊಂಡು ಹೋದಾಗ ಬುಕಿಂಗ್ ಆ್ಯಪ್‌ನಲ್ಲಿ ‘ಸಾಕುಪ್ರಾಣಿಗೆ ಅವಕಾಶ ಇದೆ’ ಎಂದು ಬರೆದಿತ್ತು. ಹೋಗಿ ಇಳಿದ ಮೇಲೆ ಮಾಲೀಕರು ಜೀಪ್ ಶೆಡ್ ತೋರಿಸಿದರು. “ಅಲ್ಲಿ ಕಟ್ಟಿ. ಚೈನ್ ಉಂಟಲ್ವಾ?”

ಬೊಳ್ಳು ಮಧ್ಯರಾತ್ರಿವರೆಗೂ ಊಳಿಟ್ಟ. ಎರಡು ಗಂಟೆಗೆ ನಾನು ಕಂಬಳಿ ಹೊದ್ದುಕೊಂಡು ಶೆಡ್ಡಿಗೆ ಹೋದೆ. ಬಾಡಿಗೆ ಕೊಟ್ಟದ್ದು ರೂಮಿಗೆ, ಮಲಗಿದ್ದು ಜೀಪಿನ ಪಕ್ಕ. ಬೆಳಿಗ್ಗೆ ತೋಟದ ಕೆಲಸದವರು ನೋಡಿ ದಂಗಾದರು. “ಹೊರಗೆ ಮಲಗಿದ್ರಾ? ಚಿರತೆ ಓಡಾಡುವ ಜಾಗ ಮಾರಾಯ್ರೇ ಇದು!”

ಅಲ್ಲಿಂದ ಈಚೆಗೆ ಮಂಗಳೂರಿನಿಂದ ನಾಲ್ಕೈದು ಸಲ ಬೊಳ್ಳುವನ್ನು ಕರೆದುಕೊಂಡು ಹೋಗಿದ್ದೇವೆ. ತಪ್ಪು ಮಾಡಿ ಕಲಿತದ್ದೇ ಜಾಸ್ತಿ.

ಮೊದಲು ತಿಂಗಳು, ಆಮೇಲೆ ಊರು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡ. ಮಳೆ ನೋಡಲು ಚಂದ, ನಿಜ. ಆದರೆ ಇಂಬಳದ (ಜಿಗಣೆಯ) ಕಾಟ ಒಂದು ಕಡೆ, ಗುಡ್ಡ ಜರಿಯುವ ಭಯ ಇನ್ನೊಂದು ಕಡೆ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆಯೇ ಬಂದಾಗಿದ್ದು ನೆನಪಿರಬಹುದು. ಒಬ್ಬರೇ ಆದರೆ ಎಲ್ಲಾದರೂ ಲಾಡ್ಜ್ ಹಿಡಿದು ಉಳಿಯಬಹುದು. ನಾಯಿ ಜೊತೆಗಿದ್ದರೆ ಅದೂ ಕಷ್ಟ. ಅಕ್ಟೋಬರ್ ಕೊನೆಯಿಂದ ಫೆಬ್ರುವರಿ ಒಳ್ಳೆಯ ಕಾಲ. ಡಿಸೆಂಬರ್ ನಂತರ ಕಾಫಿ ಕೊಯ್ಲು ನಡೆಯುತ್ತದೆ, ತೋಟದಲ್ಲಿ ಜನ ಇರುತ್ತಾರೆ. ನಿಮ್ಮ ನಾಯಿ ಗುರುತಿಲ್ಲದವರನ್ನು ಕಂಡರೆ ಬೊಗಳುವ ಜಾತಿಯಾದರೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಊರಿನ ಆಯ್ಕೆ ನಮಗೆ ಸುಲಭ. ಚಾರ್ಮಾಡಿ ಹತ್ತಿದರೆ ಕೊಟ್ಟಿಗೆಹಾರ, ಮೂಡಿಗೆರೆ. ಶಿರಾಡಿ ಹತ್ತಿದರೆ ಸಕಲೇಶಪುರ. ಸಂಪಾಜೆ ಹತ್ತಿದರೆ ಮಡಿಕೇರಿ. ಉಡುಪಿಯವರಿಗೆ ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆ. ಆಗುಂಬೆ ಹತ್ತಿರವೇ, ಆದರೆ 14 ತಿರುವು. ಕಾರಿನಲ್ಲಿ ವಾಂತಿ ಮಾಡುವ ನಾಯಿಗೆ ಅದು ಮೊದಲ ಪ್ರಯಾಣ ಆಗದಿರಲಿ. ನಾನು ಹೆಚ್ಚಾಗಿ ಚಾರ್ಮಾಡಿ ದಾರಿಯನ್ನೇ ಹಿಡಿಯುತ್ತೇನೆ. ಮಂಗಳೂರಿನಿಂದ ಕೊಟ್ಟಿಗೆಹಾರಕ್ಕೆ ಸುಮಾರು 100 ಕಿ.ಮೀ., ನಿಂತು ನಿಂತು ಹೋದರೂ ಮಧ್ಯಾಹ್ನದ ಊಟಕ್ಕೆ ಮುಂಚೆ ತಲುಪಬಹುದು.

ಫೋನ್ ಮಾಡಿ, ಮೆಸೇಜ್ ಸಾಲದು

ಇಡೀ ಪ್ರವಾಸದಲ್ಲಿ ಮುಖ್ಯವಾದ ಕೆಲಸ ಇದೇ. ‘ನಾಯಿಗೆ ಅವಕಾಶ ಇದೆ’ ಎಂಬ ಮಾತಿಗೆ ನೂರು ಅರ್ಥ. ಹಾಗಾಗಿ ಮಾಲೀಕರಿಗೇ ಫೋನ್ ಮಾಡಿ ಒಂದೊಂದಾಗಿ ಕೇಳಬೇಕು. ನಾನು ಮೊದಲು ಕೇಳುವುದು: “ರಾತ್ರಿ ನಾಯಿ ಎಲ್ಲಿ ಮಲಗುವುದು?” ರೂಮಿನ ಒಳಗೆ ಎಂದು ಸ್ಪಷ್ಟವಾಗಿ ಹೇಳಿದರೆ ಮಾತ್ರ ಮುಂದಿನ ಮಾತು. ವರಾಂಡ ಎಂದರೂ ಬೇಡ. ಘಟ್ಟದ ತೋಟಗಳಲ್ಲಿ ಚಿರತೆ ಸುಲಭಕ್ಕೆ ಹಿಡಿಯುವುದು ನಾಯಿಯನ್ನೇ. ಅಂಗಳದಲ್ಲಿ ಕಟ್ಟಿಹಾಕಿದ ನಾಯಿಗೆ ಓಡಲೂ ದಾರಿ ಇರುವುದಿಲ್ಲ.

ಎರಡನೆಯದು, ಅವರ ಮನೆಯ ನಾಯಿಗಳು. ತೋಟದ ಮನೆಯಲ್ಲಿ ಮೂರು ನಾಲ್ಕು ನಾಯಿ ಇರುವುದು ಮಾಮೂಲಿ. ಅವು ಹೊಸ ನಾಯಿಯನ್ನು ಸೇರಿಸುತ್ತವಾ, ನಾವು ಬರುವ ಹೊತ್ತಿಗೆ ಕಟ್ಟಿಹಾಕುತ್ತಾರಾ, ಕೇಳಿ. ಮೂರನೆಯದು ಯಾರೂ ಕೇಳದ ಪ್ರಶ್ನೆ: “ತೋಟಕ್ಕೆ ಈಚೆಗೆ ಮದ್ದು ಬಿಟ್ಟಿದ್ದೀರಾ?” ಕಾಫಿಗೂ ಅಡಿಕೆಗೂ ಬೋರ್ಡೋ ಸಿಂಪಡಿಸುತ್ತಾರೆ. ಅದು ಮೈಲುತುತ್ತ, ಸುಣ್ಣ ಸೇರಿಸಿದ ದ್ರಾವಣ. ಎಲೆಯ ಮೇಲೆ ಬಿದ್ದದ್ದು ನಾಯಿಯ ಕಾಲಿಗೆ ಅಂಟುತ್ತದೆ, ಕಾಲನ್ನು ನಾಯಿ ನೆಕ್ಕುತ್ತದೆ. ಗೋದಾಮಿನಲ್ಲಿ ಇಲಿ ಪಾಷಾಣ ಇಟ್ಟಿದ್ದಾರಾ ಎಂಬುದನ್ನೂ ಇದೇ ಉಸಿರಿನಲ್ಲಿ ಕೇಳಿಬಿಡಿ.

ಉಳಿದದ್ದು ಸಣ್ಣ ವಿಷಯ. ಸ್ವಚ್ಛತೆಗೆ ಹೆಚ್ಚು ದುಡ್ಡು ಇದೆಯಾ, ಊಟದ ಜಾಗಕ್ಕೆ ನಾಯಿ ಬರಬಹುದಾ, ಅಂಗಳಕ್ಕೆ ಬೇಲಿ ಇದೆಯಾ. ನಿಮ್ಮ ನಾಯಿಯ ಬಗ್ಗೆ ಸುಳ್ಳು ಹೇಳಬೇಡಿ. “ತುಂಬ ಪಾಪದ್ದು” ಎಂದು ಹೇಳಿ ಹೋಗಿ, ಅದು ಅವರ ಕೋಳಿ ಹಿಡಿದರೆ ಮುಖ ಎಲ್ಲಿ ಇಟ್ಟುಕೊಳ್ಳುತ್ತೀರಿ? ಬೊಳ್ಳು ಒಂದು ಸಲ ಹಿಡಿದಿದ್ದಾನೆ. ಕೋಳಿಯ ದುಡ್ಡು ಕೊಟ್ಟೆವು, ರಾತ್ರಿ ಅದರದ್ದೇ ಸಾರು ಬಡಿಸಿದರು. ಗಂಟಲಲ್ಲಿ ಇಳಿಯಲಿಲ್ಲ.

ಈ ಪ್ರಶ್ನೆಗಳಿಗೆ ಬೇಸರ ಮಾಡಿಕೊಳ್ಳುವ ಮಾಲೀಕರ ಮನೆಗೆ ಹೋಗದಿರುವುದೇ ಒಳ್ಳೆಯದು. ನಾಯಿ ಸಾಕಿ ಗೊತ್ತಿದ್ದವರು ತಿರುಗಿ ನಮಗೇ ಪ್ರಶ್ನೆ ಹಾಕುತ್ತಾರೆ. “ಅನ್ನ ತಿನ್ನುತ್ತದಾ? ಗುಡುಗಿಗೆ ಹೆದರುತ್ತದಾ?” ಅಂಥ ಮನೆ ಸಿಕ್ಕಿದರೆ ಬಿಡಬೇಡಿ.

ಎರಡು ವಾರ ಮುಂಚೆ ಡಾಕ್ಟರ ಹತ್ತಿರ

ರೇಬಿಸ್ ಚುಚ್ಚುಮದ್ದಿನ ವರ್ಷ ಮುಗಿದಿದೆಯಾ ನೋಡಿ. ಪಾರ್ವೊ, ಡಿಸ್ಟೆಂಪರ್, ಇಲಿಜ್ವರದಂಥ ರೋಗಗಳಿಗೆ ಕೊಡುವ ಚುಚ್ಚುಮದ್ದೂ ಆಗಿರಬೇಕು. ಹೊರಡುವ ಹಿಂದಿನ ದಿನ ಕೊಟ್ಟರೆ ಪ್ರಯೋಜನ ಇಲ್ಲ, ಅದು ಕೆಲಸ ಮಾಡಲು ಸಮಯ ಬೇಕು. ಉಣ್ಣೆ ಹತ್ತದಂತೆ ತಡೆಯುವ ಮಾತ್ರೆಯನ್ನು ತೂಕ ನೋಡಿ ಡಾಕ್ಟರೇ ಕೊಡಲಿ. ಉಣ್ಣೆಯಿಂದ ನಾಯಿಗೆ ಬರುವ ಜ್ವರ ಕೆಟ್ಟದ್ದು. ಜೊತೆಗೆ ನಮ್ಮ ವಿಷಯವೂ ಇದೆ. ಮಂಗನ ಕಾಯಿಲೆ ಹರಡುವುದು ಕಾಡಿನ ಉಣ್ಣೆಯಿಂದಲೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಆ ಕಾಯಿಲೆ ಮಲೆನಾಡಿನಲ್ಲಿ ಕಾಣಿಸಿಕೊಳ್ಳುವುದು ಹೆಚ್ಚಾಗಿ ಮಳೆ ನಿಂತ ಮೇಲೆ, ಬೇಸಿಗೆ ಮುಗಿಯುವವರೆಗೆ. ನಾವು ಹೋಗುವ ಕಾಲವೂ ಅದೇ. ಆ ಊರಲ್ಲಿ ಮಂಗ ಸತ್ತ ಸುದ್ದಿ ಇದ್ದರೆ ಪ್ರವಾಸ ಮುಂದಕ್ಕೆ ಹಾಕಿ.

ತಿರುವಿನಲ್ಲಿ ವಾಂತಿ ಮಾಡುವ ನಾಯಿಗೆ ಮಾತ್ರೆ ಇದೆ, ಅದನ್ನೂ ಕೇಳಿ ತನ್ನಿ. ನಮ್ಮ ಮಾತ್ರೆಯನ್ನು ಅರ್ಧ ಮಾಡಿ ಕೊಡುವ ಬುದ್ಧಿ ಬೇಡ. ಹೋಗುವ ತಾಲ್ಲೂಕಿನ ಸರ್ಕಾರಿ ಪಶು ಆಸ್ಪತ್ರೆಯ ನಂಬರ್ ಹೋಂಸ್ಟೇಯವರಿಂದಲೇ ಪಡೆದು ಚೀಟಿಯಲ್ಲಿ ಬರೆದಿಡಿ. ಘಟ್ಟದ ಮೇಲೆ ಮೊಬೈಲ್ ಸಿಗ್ನಲ್ ನಂಬುವ ಹಾಗಿಲ್ಲ.

ಹೊರಡುವ ದಿನ

ಹೊಟ್ಟೆ ತುಂಬ ತಿನ್ನಿಸಬೇಡಿ. ಹೊರಡುವ ಮೂರು ನಾಲ್ಕು ಗಂಟೆ ಮುಂಚೆ ಸ್ವಲ್ಪ ತಿನ್ನಿಸಿ, ದಾರಿಯಲ್ಲಿ ಬರೀ ನೀರು. ಹಿಂದಿನ ಸೀಟಿಗೆ ಹಳೆ ಬೆಡ್‌ಶೀಟ್, ಕುತ್ತಿಗೆ ಪಟ್ಟಿಯ ಬದಲು ಎದೆಗೆ ಸುತ್ತುವ ಹಾರ್ನೆಸ್, ಅದಕ್ಕೆ ನಿಮ್ಮ ನಂಬರ್ ಬರೆದ ಬಿಲ್ಲೆ. ಅದು ಮನೆಯಲ್ಲಿ ಮಲಗುವ ಗೋಣಿಯನ್ನೋ ಹಳೆ ಸೀರೆಯನ್ನೋ ತೊಳೆಯದೆ ಹಾಗೇ ತನ್ನಿ. ಹೊಸ ಜಾಗದಲ್ಲಿ ಆ ವಾಸನೆ ಇದ್ದರೆ ನಾಯಿ ಬೇಗ ಮಲಗುತ್ತದೆ.

ಉಜಿರೆಯಲ್ಲಿ ಒಂದು ಸಲ ಇಳಿಸಿ ಮೂತ್ರ ಮಾಡಿಸಿ. ಆಮೇಲೆ ಘಟ್ಟ ಮುಗಿಯುವವರೆಗೆ ಇಳಿಸಬೇಡಿ. ರಸ್ತೆ ಬದಿಯಲ್ಲಿ ಮಂಗಗಳು ಕೂತಿರುತ್ತವೆ. ನಾಯಿ ಬೊಗಳುತ್ತದೆ, ಅವು ಹಲ್ಲು ಕಿರಿಯುತ್ತವೆ, ಎದುರಿನಿಂದ ಬಸ್ಸು ಬರುತ್ತದೆ. ಕಾರ್ಕಳದಿಂದ ಮಾಳದ ಮೂಲಕ ಕಳಸಕ್ಕೆ ಹೋಗುವವರಿಗೆ ಇದು ಇನ್ನೂ ಮುಖ್ಯ. ಆ ದಾರಿ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗೆ ಹಾದುಹೋಗುತ್ತದೆ.

ಇನ್ನೊಂದು ಮಾತು. ಹೇಗೂ ಆ ಕಡೆ ಹೋಗುತ್ತೇವೆ, ಧರ್ಮಸ್ಥಳಕ್ಕೂ ಹೋಗಿಬರೋಣ ಎಂದು ಮನೆಯ ಹಿರಿಯರು ಹೇಳಿಯೇ ಹೇಳುತ್ತಾರೆ. ದೇವರ ದರ್ಶನಕ್ಕೆ ಬೇರೆ ದಿನ ಇಟ್ಟುಕೊಳ್ಳಿ. ಇಲ್ಲದಿದ್ದರೆ ಒಬ್ಬರು ನಾಯಿಯ ಜೊತೆ ಮರದ ಕೆಳಗೆ ಕೂರಬೇಕು. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಹತ್ತು ನಿಮಿಷಕ್ಕೂ ನಾಯಿಯನ್ನು ಬಿಡಬಾರದು, ಕಿಟಕಿ ಸಂದು ತೆರೆದಿದ್ದರೂ.

ಎಲ್ಲಿ ನಡೆಯಬಹುದು, ಎಲ್ಲಿ ಬೇಡ

ಜನ ಮೊದಲು ಹೇಳುವ ಹೆಸರು ಕುದುರೆಮುಖ, ನೇತ್ರಾವತಿ ಶಿಖರ, ಕುಮಾರ ಪರ್ವತ. ಮೊದಲ ಎರಡು ರಾಷ್ಟ್ರೀಯ ಉದ್ಯಾನದ ಒಳಗಿವೆ, ಮೂರನೆಯದು ಪುಷ್ಪಗಿರಿ ವನ್ಯಧಾಮದಲ್ಲಿದೆ. ಅರಣ್ಯ ಇಲಾಖೆಯ ಅನುಮತಿ ಪಡೆದು ಹತ್ತುವ ಜಾಗಗಳು ಇವು. ನಾಯಿಗೆ ಅಲ್ಲಿ ಜಾಗ ಇಲ್ಲ. ಊರ ನಾಯಿಯಿಂದ ಡಿಸ್ಟೆಂಪರ್, ರೇಬಿಸ್ ಕಾಡಿನ ಸೀಳುನಾಯಿಗಳಿಗೆ ದಾಟಿದರೆ ಇಡೀ ಹಿಂಡೇ ಹೋಗಬಹುದು. “ನಮ್ಮದು ಸಣ್ಣದು, ಎತ್ತಿಕೊಂಡೇ ಹೋಗುತ್ತೇವೆ” ಎಂದು ಗೇಟಿನಲ್ಲಿ ವಾದ ಮಾಡುವವರನ್ನು ನೋಡಿದ್ದೇನೆ. ಗಾರ್ಡ್ ಜೊತೆ ಜಗಳ ಆಡಿ ಎಂತ ಪ್ರಯೋಜನ?

ನಾಯಿಗೆ ಬೇಕಾದದ್ದು ಶಿಖರ ಅಲ್ಲ, ವಾಸನೆ. ಅದಕ್ಕೆ ತೋಟದ ಜೀಪ್ ದಾರಿ ಧಾರಾಳ ಸಾಕು. ಕಾಫಿ ಗಿಡಗಳ ನಡುವೆ, ಸಿಲ್ವರ್ ಓಕ್ ನೆರಳಲ್ಲಿ, ತೋಡಿನ ಬದಿಯಲ್ಲಿ ಎರಡು ಮೂರು ಕಿ.ಮೀ. ಬೊಳ್ಳು ಅಷ್ಟು ನಡೆಯಲು ಒಂದೂವರೆ ಗಂಟೆ ತೆಗೆದುಕೊಳ್ಳುತ್ತಾನೆ, ಪ್ರತಿ ಗಿಡಕ್ಕೂ ಹಾಜರಿ ಹಾಕಬೇಕಲ್ಲ. ತೋಟದವರೊಬ್ಬರನ್ನು ಜೊತೆಗೆ ಕರೆಯಿರಿ. ಬೇಲಿಯ ಅಂಚಿನಲ್ಲಿ ಹಂದಿಗೆ ಉರುಳು ಹಾಕಿರುವುದು, ಸೋಲಾರ್ ತಂತಿ ಎಲ್ಲಿದೆ ಎಂಬುದು ಅವರಿಗೆ ಗೊತ್ತಿರುತ್ತದೆ. ಬೆಳಿಗ್ಗೆ ಪೂರ್ತಿ ಬೆಳಕಾದ ಮೇಲೆ ಹೊರಟು ಬಿಸಿಲೇರುವ ಮುಂಚೆ ಮುಗಿಸಿ. ಸಂಜೆ ಐದೂವರೆಗೆ ಒಳಗೆ ಬನ್ನಿ.

ಹಗ್ಗ ಬಿಡಲೇಬೇಡಿ. ಮೂಡಿಗೆರೆ, ಸಕಲೇಶಪುರ, ಕೊಡಗು ಮೂರೂ ಕಡೆ ಕಾಡಾನೆ ಓಡಾಡುತ್ತದೆ. ಬಿಟ್ಟ ನಾಯಿ ಆನೆ ಕಂಡರೆ ಮುಂದೆ ಓಡಿ ಬೊಗಳುತ್ತದೆ. ಆನೆ ತಿರುಗಿಬಿದ್ದ ಕೂಡಲೇ ಹೆದರಿ ಓಡಿ ಬರುವುದು ಎಲ್ಲಿಗೆ? ನಮ್ಮ ಹತ್ತಿರಕ್ಕೇ. ಹಿಂದೆಯೇ ಆನೆ.

ನೀರು ನೀವೇ ಹೊತ್ತುಕೊಂಡು ಹೋಗಿ. ನಾಯಿಗೆ ದಿನಕ್ಕೆ ಕಿಲೋ ತೂಕಕ್ಕೆ 50ರಿಂದ 60 ಮಿ.ಲೀ. ನೀರು ಬೇಕು, ನಡೆದ ದಿನ ಇನ್ನೂ ಜಾಸ್ತಿ. ತೋಡಿನ ನೀರು ಕುಡಿಸಬೇಡಿ ಎನ್ನಲು ಕಾರಣ ಇದೆ. ಕಳೆದ ಸಲ ವಾಪಸ್ ಬಂದ ಮೇಲೆ ಬೊಳ್ಳು ಸೀನುತ್ತಲೇ ಇದ್ದ. ಐದನೇ ದಿನ ಒಂದೇ ಹೊಳ್ಳೆಯಿಂದ ರಕ್ತ. ಡಾಕ್ಟರು ಅವನಿಗೆ ಸ್ವಲ್ಪ ಹೊತ್ತು ನೀರು ಕೊಡಬೇಡಿ ಎಂದರು. ಆಮೇಲೆ ಮೂಗಿನ ಎದುರು ತಣ್ಣೀರಿನ ಬಟ್ಟಲು ಹಿಡಿದು ಕಾದರು. ನೀರಿನ ಆಸೆಗೆ ಹೊಳ್ಳೆಯಿಂದ ಕಪ್ಪು ಬಾಲದ ಹಾಗೆ ಏನೋ ಇಣುಕಿತು. ಇಕ್ಕಳದಲ್ಲಿ ಹಿಡಿದರು. ಬೆರಳುದ್ದದ ಇಂಬಳ! ಮನೆಯಲ್ಲಿ ನೀವೇ ಎಳೆಯಲು ಹೋಗಬೇಡಿ. ಕಾಲಿಗೆ, ಕಿವಿಗೆ ಹತ್ತಿದ ಇಂಬಳಕ್ಕೆ ಉಪ್ಪಿನ ಗಂಟು ಒತ್ತಿದರೆ ಸಾಕು, ಬಿಟ್ಟು ಬೀಳುತ್ತದೆ. ರಕ್ತ ಸ್ವಲ್ಪ ಹೊತ್ತು ಸೋರುತ್ತದೆ. ಹೆದರಬೇಡಿ, ಇಂಬಳದ ಜೊಲ್ಲು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ, ಅಷ್ಟೇ.

ಪಗ್‌ನಂಥ ಚಪ್ಪಟೆ ಮೂಗಿನ ನಾಯಿಯಾದರೆ ಏರು ದಾರಿ ಬಿಟ್ಟುಬಿಡಿ. ಅಂಗಳದಲ್ಲೇ ಆಡಲಿ.

ಊಟ

ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನದೆ ಯಾರೂ ಮುಂದೆ ಹೋಗುವುದಿಲ್ಲ. ನಾಯಿ ಇದ್ದವರ ಕ್ರಮ ಹೀಗೆ: ಒಬ್ಬರು ಒಳಗೆ, ಒಬ್ಬರು ಹೊರಗೆ, ಆಮೇಲೆ ಅದಲು ಬದಲು. ಗಡಿಬಿಡಿ ಇದ್ದರೆ ಪಾರ್ಸೆಲ್ ಕಟ್ಟಿಸಿ. ಆದರೆ ನೀರುದೋಸೆ ತಣಿದ ಮೇಲೆ ಮಜಾ ಇಲ್ಲ.

ಹೋಂಸ್ಟೇ ಊಟದ ಗಮ್ಮತ್ತೇ ಬೇರೆ. ಅಕ್ಕಿರೊಟ್ಟಿ, ಕಡುಬು, ನಾಟಿಕೋಳಿ ಸಾರು, ಕೊಡಗಿನ ಕಡೆಯಾದರೆ ಹಂದಿ ಮಾಂಸ. ನಾಯಿಗೆ ಮಾತ್ರ ಬೇರೆ ಹೇಳಿ: ಬಿಳಿ ಅನ್ನ, ಉಪ್ಪು ಖಾರ ಹಾಕದೆ ಬೇಯಿಸಿದ ಕೋಳಿ, ಮೂಳೆ ತೆಗೆದು. ಬೆಂದ ಮೂಳೆ ಸೀಳಿಕೊಂಡು ಗಂಟಲಿಗೆ, ಕರುಳಿಗೆ ಚುಚ್ಚುತ್ತದೆ. ನೀರುಳ್ಳಿ, ಬೆಳ್ಳುಳ್ಳಿ ನಾಯಿಗೆ ವಿಷ, ಹಾಗಾಗಿ ‘ಸ್ವಲ್ಪ ಸಾರು ಕಲಸಿ’ ಎಂಬುದೂ ಬೇಡ. ಕಣದಲ್ಲಿ ಒಣಹಾಕಿದ ಕಾಫಿ ಹಣ್ಣಿನ ಹತ್ತಿರ ಬಿಡಬೇಡಿ. ಮಂಗಳೂರಿಗೆ ಇಳಿದ ಖುಷಿಗೆ ಗಡ್‌ಬಡ್ ಐಸ್‌ಕ್ರೀಂ ತಿನ್ನುವವರು ತಳದಲ್ಲಿ ಉಳಿದದ್ದನ್ನು ನಾಯಿಗೆ ಕೊಡುವುದುಂಟು. ಅದರಲ್ಲಿ ದ್ರಾಕ್ಷಿ ಇರುತ್ತದೆ. ಹಸಿಯೋ ಒಣಗಿದ್ದೋ, ದ್ರಾಕ್ಷಿ ನಾಯಿಯ ಕಿಡ್ನಿಯನ್ನೇ ಕೆಡಿಸಬಹುದು.

ವಾಪಸ್ ಬಂದ ಮೇಲೆ

ಮನೆಯೊಳಗೆ ಬಿಡುವ ಮುಂಚೆ ಅಂಗಳದಲ್ಲೇ ನಿಲ್ಲಿಸಿ ಬಾಚಿ. ಬೆರಳ ಸಂದು, ಕಿವಿಯ ಒಳಗೆ, ಕಂಕುಳು, ಬಾಲದ ಬುಡ ನೋಡಿ. ಉಣ್ಣೆ ಸಿಕ್ಕಿದರೆ ಕೈಗವಸು ಹಾಕಿ, ಚರ್ಮಕ್ಕೆ ತಾಗಿಸಿ ಚಿಮುಟದಲ್ಲಿ ಹಿಡಿದು ನೇರ ಎಳೆಯಿರಿ. ಉಗುರಿನಲ್ಲಿ ಒತ್ತಿ ಸಾಯಿಸಬೇಡಿ. ಮಲಗಿದ ಬಟ್ಟೆಯನ್ನು ಬಿಸಿನೀರಿಗೆ ಹಾಕಿ.

ಮುಂದಿನ ಎರಡು ಮೂರು ವಾರ ಊಟ ಬಿಟ್ಟರೆ, ಮಂಕಾದರೆ, ಮೂತ್ರದ ಬಣ್ಣ ಕೆಂಪಗಾದರೆ ತಡ ಮಾಡಬೇಡಿ. ಹೋದ ಕೂಡಲೇ ಡಾಕ್ಟರಿಗೆ “ಘಟ್ಟದ ಮೇಲೆ ಹೋಗಿದ್ದೆವು” ಎಂದು ಹೇಳಿ. ಅವರು ಕೇಳುವವರೆಗೆ ಕಾಯಬೇಡಿ. ಬೊಳ್ಳುವಿನ ಮೂಗಿನ ವಿಷಯದಲ್ಲಿ ನಾನು ಅದನ್ನು ಹೇಳಲು ಮರೆತು ಎರಡು ದಿನ ಶೀತದ ಮದ್ದು ಕುಡಿಸಿದ್ದೆ.