ನಳಾ ಬಂದ ದಿನ

ನಮ್ಮ ಓಣಿಗೆ ಎಂಟು ದಿನಕ್ಕೊಮ್ಮೆ ನೀರು, ಅದೂ ಎರಡೇ ತಾಸು. "ನಳಾ ಬಂತು" ಅಂತ ಯಾರಾದರೂ ಕೂಗಿದರೆ ಒಲೆ ಮೇಲಿನ ಹಾಲನ್ನೂ ಮರೆತು ಕೊಡ ಹಿಡಿದು ಓಡುತ್ತಿದ್ದೆ. ನಾಲ್ಕು ಡ್ರಮ್, ತಾಮ್ರದ ಹಂಡೆ, ಹನ್ನೆರಡು ಕೊಡ ತುಂಬಿದರೂ ಸಾಲದು. ಬೋಗುಣಿ, ಪಾತೇಲಿ, ಕಡೆಗೆ ಚಂಬುಗಳೂ ತುಂಬಬೇಕು. ಆಮೇಲೇ ನನಗೆ ಸಮಾಧಾನ.

ಅತ್ತೆಯವರು ಹಾಸಿಗೆ ಹಿಡಿದು ಎರಡು ವರ್ಷವಾಗಿತ್ತು. ಒಂದು ದಿನ ನೀರು ಬೆಳಿಗ್ಗೆ ಐದೂವರೆಗೇ ಬಂತು. ಎಲ್ಲ ತುಂಬಿಸಿದೆ, ರೊಟ್ಟಿ ಬಡಿದೆ, ಡಬ್ಬಿ ಕಟ್ಟಿದೆ, ಸ್ನಾನ ಮಾಡಿ ಲಿಂಗಪೂಜೆಗೆ ಕುಳಿತೆ. ಪೂಜೆ ಮುಗಿಸಿ ಚಹಾ ಹಿಡಿದು ಅವರ ಕೋಣೆಗೆ ಹೋದಾಗ ಒಂಬತ್ತು ಗಂಟೆ. ಹೊದಿಕೆ ಎತ್ತಿದರೆ ಸೀರೆ, ಕೆಳಗಿನ ಕೌದಿ ಎಲ್ಲ ಒದ್ದೆ. ಮುಟ್ಟಿದರೆ ತಣ್ಣಗಿತ್ತು. ಒದ್ದೆಯಾಗಿ ಬಹಳ ಹೊತ್ತಾಗಿತ್ತು.

"ಒಂದು ದನಿ ಹಾಕಬಾರದಿತ್ತೇನ್ರೀ ಅತ್ತೀ?"

"ನೀರು ತುಂಬಾಕತ್ತಿದ್ದಿ. ಆಮ್ಯಾಲೆ ಪೂಜಾಕ್ಕ ಕುಂತಿ. ಹೆಂಗ ಕರೀಲಿ ಯವ್ವಾ?"

ಆ ಕೌದಿ ಒಗೆಯುವಾಗ ಅಳು ತಡೆಯಲಾಗಲಿಲ್ಲ. ನಾನು ಶ್ರಾವಣದಲ್ಲಿ ವರ್ಷವರ್ಷವೂ ಹೇಳುತ್ತ ಬಂದದ್ದು ಆಯ್ದಕ್ಕಿ ಮಾರಯ್ಯನ ವಚನ. ಕಾಯಕದಲ್ಲಿ ತೊಡಗಿದಾಗ ಗುರುದರ್ಶನವಾದರೂ ಮರೆಯಬೇಕು, ಲಿಂಗಪೂಜೆಯಾದರೂ ಮರೆಯಬೇಕು ಎನ್ನುತ್ತಾನೆ ಆತ. ಲಿಂಗಸುಗೂರಿನ ಹತ್ತಿರದ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದು, ಬಿದ್ದ ಅಕ್ಕಿ ಆಯ್ದು ದಾಸೋಹ ನಡೆಸಿದ 12ನೇ ಶತಮಾನದ ಶರಣ. ಅವನ ಮಾತು ದುಡಿಯಲು ಹೊರಗೆ ಹೋಗುವವರಿಗೆ ಅಂದುಕೊಂಡಿದ್ದೆ. ಮೂಲೆಯ ಕೋಣೆಯಲ್ಲಿ ನನ್ನ ಕಾಯಕ ಒದ್ದೆ ಕೌದಿಯ ಮೇಲೆ ಮಲಗಿತ್ತು.

ಅವನ ಹೆಂಡತಿ ಲಕ್ಕಮ್ಮನ ಕಥೆಯೂ ಅಂದೇ ನನಗೆ ತಾಗಿದ್ದು. ಮಾರಯ್ಯ ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಅಂದವಳು ಆಕೆ. ಅಷ್ಟೂ ಚಂಬು ತುಂಬಿಸುತ್ತ ನಿಂತಿದ್ದೆನಲ್ಲ, ಆ ಅರ್ಧ ತಾಸು ಯಾರದು? ಅತ್ತೆಯವರದು.

ಮರುದಿನದಿಂದ ಎದ್ದ ಕೂಡಲೇ ಮೊದಲು ಅವರ ಕೋಣೆ. ನಳ ಬರಲಿ, ಫೋನ್ ಬಡಿದುಕೊಳ್ಳಲಿ, ಕುಕ್ಕರ್ ಸೀಟಿ ಹಾಕಲಿ. ಇವೆಲ್ಲ ಕೂಗಿ ಕರೆಯುತ್ತವೆ, ಹಾಗಾಗಿಯೇ ಇಷ್ಟು ವರ್ಷ ಮುಂದಿನ ಸಾಲು ಹಿಡಿದಿದ್ದವು. ಕೂಗದವರನ್ನು ನಾವೇ ಹೋಗಿ ಕೇಳಬೇಕು. ಬಿಸಿನೀರಲ್ಲಿ ಅದ್ದಿದ ಅರಿವೆಯಿಂದ ಮೈ ಒರೆಸಿ, ಸೀರೆ ಬದಲಿಸಿ, ಮಗ್ಗುಲು ತಿರುಗಿಸಿ, ಬೆನ್ನಿಗೆ ಪೌಡರ್ ಹಚ್ಚಿ, ಚಹಾ ಕುಡಿಸಿದ ಮೇಲೆ ಉಳಿದದ್ದು. ಹೊಲಸು ಬಳಿದ ಕೈಯಲ್ಲಿ ಲಿಂಗ ಹಿಡಿಯುವುದು ಹೇಗೆ ಎಂಬ ಅಳುಕು ನನಗಿತ್ತು. ಸಾಬೂನು ಹಚ್ಚಿ ತೊಳೆದರೆ ಕೈ ಸ್ವಚ್ಛ. ಅಳುಕು ಹೋಗಲು ಮಾತ್ರ ತಿಂಗಳು ಹಿಡಿಯಿತು.

ಒಂದೊಂದು ಕೆಲಸಕ್ಕೆ ಒಂದೊಂದು ಹೊತ್ತಿದೆ ಎಂದು ಕಲಿಸಿದ್ದು ರೊಟ್ಟಿ. ಕುದಿಯುವ ಎಸರು ಹಾಕಿ ನಾದಿದ ಜೋಳದ ಹಿಟ್ಟು ಬಿಸಿ ಇದ್ದಾಗಲೇ ಬಡಿಯಬೇಕು, ಆರಿದರೆ ಅಂಚು ಒಡೆಯುತ್ತದೆ. ಹಂಚಿಗೆ ಹಾಕಿದ ಕೂಡಲೇ ಮೇಲ್ಮೈಗೆ ಒದ್ದೆ ಅರಿವೆ ಸವರಬೇಕು, ತಡವಾದರೆ ಮೇಲಿನ ಹಿಟ್ಟು ಒಣಗಿ ಬಿರಿಯುತ್ತದೆ. ಆ ಹೊತ್ತಿನಲ್ಲಿ ಬೇರೆ ಯಾವುದಕ್ಕೂ ಕೈ ಹಾಕುವಂತಿಲ್ಲ. ಹಾಗಾಗಿ ಈಗ ಅತ್ತೆಯವರನ್ನು ನೋಡಿಕೊಂಡ ಮೇಲೇ ಎಸರಿಡುತ್ತೇನೆ.

ಪೂಜೆ ಬಿಟ್ಟಿಲ್ಲ. ಹತ್ತು ಗಂಟೆಗೆ ಅವರ ಮಂಚದ ಪಕ್ಕದಲ್ಲೇ ಕೂಡುತ್ತೇನೆ. ಅವರ ಎಡಗೈ ನಡುಗುತ್ತದೆ. ಕೆಳಗೆ ನನ್ನ ಅಂಗೈ ಕೊಟ್ಟು ಲಿಂಗ ಇಡುತ್ತೇನೆ, ವಿಭೂತಿ ಅವರೇ ಹಚ್ಚುತ್ತಾರೆ.

ಮೊನ್ನೆ ಮೈ ಒರೆಸುವಾಗ ಹೊರಗೆ ಗದ್ದಲವಾಯಿತು.

"ನಳಾ ಬಂತೇನ? ಹೋಗವ್ವಾ."

"ನಿಮ್ಮ ಮಗ ಹೋಗ್ಯಾರ್ರೀ. ಈ ಕಡೆ ಹೊಳ್ಳ್ರಿ, ಬೆನ್ನು ಒರಸ್ತೀನಿ."