ವ್ಯಾಪಾರಕ್ಕೆ ಬೇಕಾದ ಗುಣ ಬೆಳೆಸ್ಕೊಳ್ಳೋದು ಹೇಗೆ? ದಾಕ್ಷಿಣ್ಯದ ಹತ್ರ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಿ

ಸಣ್ಣ ವ್ಯಾಪಾರ ಶುರು ಮಾಡೋರು ನನ್ನ ಹತ್ರ ಬಂದಾಗ ಹೆಚ್ಚಾಗಿ ಕೇಳೋ ಪ್ರಶ್ನೆ ಒಂದೇ, "ನಂಗೆ ಬಿಸಿನೆಸ್ ಮಾಡೋ ಗುಣ ಇದ್ಯಾ?" ಅಂತ. ಗುಣ ಅಂದ್ರೆ ಅವರ ತಲೇಲಿ ಇರೋದು ಧೈರ್ಯ, ಮಾತುಗಾರಿಕೆ, ದೊಡ್ಡದೇನಾದ್ರೂ ಮಾಡ್ಬೇಕನ್ನೋ ಛಲ. ಬಹಳ ವರ್ಷದಿಂದ ಸಣ್ಣ ಅಂಗಡಿ, ವರ್ಕ್‌ಶಾಪುಗಳ ಲೆಕ್ಕ ಬರ್ಕೊಡೋ ಕೆಲಸ ಮಾಡ್ತಿದೀನಿ, ಬಾಗಿಲು ಹಾಕ್ಕೊಂಡೋರ ಪುಸ್ತಕಾನೂ ನೋಡಿದೀನಿ, ಅವರಲ್ಲಿ ಧೈರ್ಯಕ್ಕೇನೂ ಕೊರತೆ ಇರ್ಲಿಲ್ಲ, ದುಡಿಮೆಗಂತೂ ಇರಲೇ ಇಲ್ಲ. ಕೊಟ್ಟ ಸರಕಿಗೆ ದುಡ್ಡು ಕೇಳೋಕೆ ಬಾಯಿ ಬರ್ತಿರ್ಲಿಲ್ಲ. ಇದನ್ನ ನೋಡಿ ನೋಡಿ ಸಂಕಟ ಆಗಿ ಈ ಲೇಖನ ಬರೀತಿದೀನಿ. ಬೇಕಾದ ಗುಣಗಳನ್ನೆಲ್ಲ ರೂಢಿ ಮಾಡ್ಕೋಬಹುದು, ಆದ್ರೆ ನಾನು ಹೇಳೋ ಕ್ರಮದಲ್ಲೇ ಮಾಡಿ.

ಮೊದಲನೇದು, ದಿನಾ ರಾತ್ರಿ ಲೆಕ್ಕ ಬರೆಯೋದು. ಬಂದಿದ್ದೆಷ್ಟು, ಹೋಗಿದ್ದೆಷ್ಟು, ಯಾರ ಹತ್ರ ಎಷ್ಟು ಬಾಕಿ, ಮೂರೇ ಸಾಲು ಸಾಕು. ಹೊಲಿದ ನೋಟ್‌ಬುಕ್ಕೇ ತಗೊಳ್ಳಿ, ಬಿಡಿ ಹಾಳೆ ಬೇಡ, ಚೀಟಿ ಅಂತೂ ಬೇಡವೇ ಬೇಡ. ಆ್ಯಪ್ ಬೇಕಿದ್ರೆ ಮೂರು ತಿಂಗಳು ಕೈಯಲ್ಲಿ ಬರೆದ ಮೇಲೆ ಹಾಕ್ಕೊಳ್ಳಿ, ಮೊದಲ ದಿನಾನೇ ಆ್ಯಪ್ ಹಾಕಿದೋರು ಎಂಟರಿಂದ ಹತ್ತು ದಿನದಲ್ಲಿ ಬಿಟ್ಟಿರೋದನ್ನೇ ನಾನು ಜಾಸ್ತಿ ನೋಡಿರೋದು. "21 ದಿನ ಮಾಡಿದ್ರೆ ಅಭ್ಯಾಸ ಆಗತ್ತೆ" ಅನ್ನೋ ಮಾತು ನಂಬ್ಕೊಂಡು 22ನೇ ದಿನ ಬೇಜಾರಾಗ್ಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಜನರನ್ನ ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಹೊಸ ಅಭ್ಯಾಸ ತಾನಾಗೇ ನಡೆಯೋ ಹಂತಕ್ಕೆ ಬರೋಕೆ ಸುಮಾರು 66 ದಿನ ಬೇಕಾಗತ್ತೆ ಅಂತ ಬಂತು, ಕೆಲವರಿಗೆ 18 ದಿನ, ಕೆಲವರಿಗೆ 254. ಮಧ್ಯ ಒಂದು ದಿನ ತಪ್ಪಿದ್ರೂ ಅಷ್ಟೇನೂ ನಷ್ಟ ಇಲ್ಲ ಅಂತಾನೂ ಅದರಲ್ಲೇ ಇದೆ. ಹಾಗಾಗಿ ತಪ್ಪಿದ ದಿನ ಬಿಟ್ಟಾಕಿ, ಮಾರನೇ ದಿನ ಬರೀರಿ.

ಎರಡನೇದು, ಮನೆ ದುಡ್ಡು ಬೇರೆ, ವ್ಯಾಪಾರದ ದುಡ್ಡು ಬೇರೆ. ಎರಡು ಖಾತೆ ಇಟ್ಕೊಳ್ಳಿ, ನಿಮಗೆ ನೀವೇ ತಿಂಗಳಿಗೊಂದು ಸಂಬಳ ಗೊತ್ತು ಮಾಡ್ಕೊಳ್ಳಿ, ಗಲ್ಲಾಪೆಟ್ಟಿಗೆಗೆ ಕೈ ಹಾಕೋದನ್ನ ನಿಲ್ಸಿ.

ಮೂರನೇದು ದಾಕ್ಷಿಣ್ಯ ಬಿಡೋದು. ಜನ ಎಡವೋದು ಇಲ್ಲೇ. ದಾಕ್ಷಿಣ್ಯಕ್ಕೆ ಬಸುರಾದ್ರೆ ಹಡೆಯೋಕೆ ಜಾಗ ಇಲ್ಲ ಅನ್ನೋ ಗಾದೆ ಎಲ್ರಿಗೂ ಗೊತ್ತು, ಆದ್ರೂ ಗಿರಾಕಿ ಎದುರಿಗೆ ನಿಂತು "ಬರ್ಕೊಳ್ಳಿ, ಆಮೇಲೆ ಕೊಡ್ತೀನಿ" ಅಂದ ತಕ್ಷಣ ನಾಲಗೆ ಒಣಗತ್ತೆ. ಮೊದಲು ಉದ್ರಿಯ ಲೆಕ್ಕ ಅರ್ಥ ಮಾಡ್ಕೊಳ್ಳಿ. 80ಕ್ಕೆ ತಂದಿದ್ದನ್ನ 100ಕ್ಕೆ ಉದ್ರಿ ಕೊಟ್ರಿ, ಅದು ಮುಳುಗಿತು. ಹೋಗಿದ್ದು ಕೈಯಿಂದ ಹಾಕಿದ 80. ಒಂದೊಂದು ಮಾರಾಟದಲ್ಲಿ ಸಿಗೋದು 20, ಅಂದ್ರೆ ಇನ್ನೂ 4 ಮಾರಾಟ ಬರೀ ಅಸಲು ತುಂಬ್ಸೋಕೇ ಹೋಯ್ತು, ಆ ನಾಲ್ಕಕ್ಕೂ ನೀವು ದುಡಿದಿದ್ದು ಪುಕ್ಕಟೆ.

ಉದ್ರಿ ಕೊಡಲೇಬೇಡಿ ಅಂತ ನಾನು ಹೇಳಲ್ಲ, ಕೆಲವು ವ್ಯಾಪಾರ ಉದ್ರಿ ಇಲ್ದೆ ನಡೆಯೋದೇ ಇಲ್ಲ. ಆದ್ರೆ ಎಷ್ಟರವರೆಗೆ, ಎಷ್ಟು ದಿನಕ್ಕೆ ಅನ್ನೋದನ್ನ ಗಿರಾಕಿ ಎದುರಿಗೆ ನಿರ್ಧಾರ ಮಾಡ್ಬೇಡಿ, ಮನೇಲಿ ಕೂತು ಮೊದಲೇ ಬರೆದಿಟ್ಕೊಳ್ಳಿ. ಪೀಟರ್ ಗೋಲ್ವಿಟ್ಸರ್ ಅನ್ನೋ ಮನಶ್ಶಾಸ್ತ್ರಜ್ಞ 1990ರ ದಶಕದಿಂದ ಇದರ ಮೇಲೇ ಕೆಲಸ ಮಾಡಿದಾರೆ: "ಗಟ್ಟಿಯಾಗಿರ್ತೀನಿ" ಅಂತ ಸುಮ್ನೆ ಅಂದ್ಕೊಳ್ಳೋರಿಗಿಂತ "ಹೀಗಾದ್ರೆ ಹೀಗೆ ಮಾಡ್ತೀನಿ" ಅಂತ ಮೊದಲೇ ಗೊತ್ತು ಮಾಡ್ಕೊಂಡೋರು ಆ ಹೊತ್ತು ಬಂದಾಗ ಹೆಚ್ಚು ಸಲ ಮಾಡಿ ತೋರಿಸ್ತಾರೆ. ನಿಮ್ಮ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೀರಿ, "ಹಳೇ ಬಾಕಿ ಇರೋರು ಮತ್ತೆ ಉದ್ರಿ ಕೇಳಿದ್ರೆ, ಹಳೇದು ಮುಗಿಸಿ ಆಮೇಲೆ ನೋಡೋಣ ಅಂತೀನಿ."

ಉದ್ರಿ ಕೊಡುವಾಗಲೇ ತಾರೀಕು ಕೇಳಿ. "ಮುಂದಿನ ವಾರ", "ನೋಡೋಣ", "ದುಡ್ಡು ಬಂದ ತಕ್ಷಣ", ಇದ್ಯಾವುದೂ ತಾರೀಕಲ್ಲ. ಅವರ ಎದುರಿಗೇ ಬರೆದು, ಬರೆದಿದ್ದನ್ನ ಅವರಿಗೆ ತೋರ್ಸಿ. ಹಿಂದಿನ ದಿನ ಒಂದು ಮೆಸೇಜ್ ಹಾಕಿ, ಆ ದಿನ ನೀವೇ ಫೋನ್ ಮಾಡಿ, ಕೆಲಸದ ಹುಡುಗನ ಕೈಲಿ ಮಾಡಿಸ್ಬೇಡಿ. ಹೇಳ್ಬೇಕಾಗಿರೋದು ಇಷ್ಟೇ: "ಅಣ್ಣಾ, ಇವತ್ತು 10ನೇ ತಾರೀಕು, ಇವತ್ತಿಗೆ ಅಂತ ಬರ್ಕೊಂಡಿದ್ವಿ. ಎಷ್ಟೊತ್ತಿಗೆ ಕೊಡ್ತೀರಾ?"

ಕೇಳಿದ ಮೇಲೆ ಸುಮ್ನಿರಿ.

ಈ ಸುಮ್ಮನಿರೋದೇ ಯಾರಿಗೂ ಆಗಲ್ಲ. ಆ ಕಡೆಯಿಂದ ಎರಡು ಕ್ಷಣ ಸದ್ದಿಲ್ಲ ಅಂದ್ರೆ ಸಾಕು, "ಪರವಾಗಿಲ್ಲ ಬಿಡಿ, ನಿಧಾನವಾಗಿ ಕೊಡಿ" ಅಂತ ನಾವೇ ಹೇಳಿ ಫೋನ್ ಇಟ್ಬಿಡ್ತೀವಿ, ಅಲ್ಲಿಗೆ ಆ ತಾರೀಕು ಸತ್ತುಹೋಯ್ತು. ಇನ್ನೊಂದು ತಪ್ಪು, "ನಂಗೂ ಕಷ್ಟ ಇದೆ, ನಾನೂ ಕಟ್ಬೇಕು" ಅಂತ ಶುರು ಮಾಡೋದು. ಆಗ ಮಾತು ಯಾರ ಕಷ್ಟ ದೊಡ್ಡದು ಅನ್ನೋ ಕಡೆ ತಿರುಗತ್ತೆ. ನಿಮ್ಮ ದುಡ್ಡು ಕೇಳೋಕೆ ಕಾರಣ ಕೊಡೋ ಅಗತ್ಯ ಇಲ್ಲ, ತಾರೀಕು ಬಂದಿದೆ ಅಷ್ಟೇ. ಅರ್ಧ ಕೊಟ್ರೆ ತಗೊಳ್ಳಿ, ಉಳಿದಿದ್ದಕ್ಕೆ ಅಲ್ಲೇ ಹೊಸ ತಾರೀಕು ಬರೀರಿ. ಎರಡನೇ ಸಲಾನೂ ತಪ್ಪಿದ್ರೆ ಉದ್ರಿ ಬಂದ್, ನಗದಿಗೆ ಮಾತ್ರ ವ್ಯಾಪಾರ, ಮುಖ ಮಾತ್ರ ಕೆಡಿಸ್ಕೋಬೇಡಿ. ನಾಲ್ಕು ಜನರ ಎದುರಿಗೆ ಯಾವತ್ತೂ ಬಾಕಿ ಕೇಳ್ಬೇಡಿ, ಅವಮಾನ ಆದೋರು ದುಡ್ಡೂ ಕೊಡಲ್ಲ, ತಿರುಗಿ ಬರೋದೂ ಇಲ್ಲ. ನಿಜವಾಗ್ಲೂ ಕಷ್ಟದಲ್ಲಿರೋರಿಗೆ ಸಹಾಯ ಮಾಡ್ಬೇಕು ಅನ್ಸಿದ್ರೆ ಖಂಡಿತ ಮಾಡಿ, ಆದ್ರೆ ನಿಮ್ಮ ಸಂಬಳದಿಂದ ಮಾಡಿ, ಅಂಗಡಿ ಬಂಡವಾಳದಿಂದ ಬೇಡ.

ಬಾಕಿದಾರರಿಗೆ ತಾನಾಗೇ ಮೆಸೇಜ್ ಕಳ್ಸೋ ಆ್ಯಪ್‌ಗಳನ್ನೇ ನಂಬ್ಕೊಂಡಿರೋರಿಗೆ ಒಂದು ಮಾತು, ಆ ಮೆಸೇಜನ್ನ ಜನ ಒಂದೆರಡು ಸಲ ಓದ್ತಾರೆ, ಆಮೇಲೆ ತೆರೆದೂ ನೋಡಲ್ಲ. ದನಿ ಕೇಳ್ಬೇಕು. ಹಾಗೇನೇ ದುಡ್ಡು ಕೊಟ್ಟು "ನಿಮ್ಮ ಉದ್ಯಮಿ ವ್ಯಕ್ತಿತ್ವ ತಿಳ್ಕೊಳ್ಳಿ" ಅನ್ನೋ ಆನ್‌ಲೈನ್ ಟೆಸ್ಟು, ಎರಡು ದಿನದ ಕೋರ್ಸು, ಇವಕ್ಕೆ ಹಾಕೋ ದುಡ್ಡನ್ನ ಸರಕಿಗೆ ಹಾಕಿ.

ಚೌಕಾಸಿಗೆ ಬಗ್ಗೋದೂ ದಾಕ್ಷಿಣ್ಯಾನೇ. ಅದೇ 80-100ರ ಲೆಕ್ಕದಲ್ಲಿ ಶೇ 10 ಡಿಸ್ಕೌಂಟ್ ಕೊಟ್ರೆ ಗಿರಾಕಿಗೆ ಹೋಗೋದು ಹತ್ತೇ, ಆದ್ರೆ ನಿಮ್ಮ ಲಾಭ 20ರಿಂದ 10ಕ್ಕೆ, ಅಂದ್ರೆ ಅರ್ಧಕ್ಕೆ ಇಳೀತು, ಮೊದಲಿನಷ್ಟೇ ಸಿಗ್ಬೇಕಂದ್ರೆ ಎರಡರಷ್ಟು ಮಾರ್ಬೇಕು. ಬೆಲೆ ಇಳಿಸೋ ಬದ್ಲು ಕೆಲಸ ಅಥವಾ ಸರಕು ಕಮ್ಮಿ ಮಾಡಿ, "ಅಷ್ಟಕ್ಕೆ ಇಷ್ಟು ಮಾಡ್ಕೊಡ್ತೀನಿ" ಅನ್ನಿ.

ಇಷ್ಟೆಲ್ಲ ಕೇಳೋ ಹಕ್ಕು ಬರ್ಬೇಕಂದ್ರೆ ನೀವು ಕೊಡ್ಬೇಕಾಗಿರೋದನ್ನ ತಾರೀಕಿಗೆ ಸರಿಯಾಗಿ ಕೊಡಿ. ಆಗಲ್ಲ ಅಂತ ಗೊತ್ತಾದ್ರೆ ಅವರು ಫೋನ್ ಮಾಡೋ ಮುಂಚೆ ನೀವೇ ಮಾಡಿ.

ನಾಲ್ಕನೇದು, ದೂರು ಬಂದಾಗ ಮಧ್ಯ ಬಾಯಿ ಹಾಕ್ದೆ ಪೂರ್ತಿ ಕೇಳ್ಸ್ಕೊಳ್ಳಿ, ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೀರಿ. ಒಂದೇ ದೂರು ಮೂರು ಸಲ ಬಂದ್ರೆ ತಪ್ಪು ಗಿರಾಕಿದಲ್ಲ.

ಐದನೇದು, ನಡೀದೇ ಇರೋದನ್ನ ಬಿಡೋದು. 1985ರಲ್ಲಿ ಆರ್ಕ್ಸ್ ಮತ್ತು ಬ್ಲೂಮರ್ ಅನ್ನೋ ಸಂಶೋಧಕರು ನಾಟಕದ ಸೀಸನ್ ಟಿಕೆಟ್, ಅಂದ್ರೆ ಇಡೀ ಸೀಸನ್ನಿನ ನಾಟಕಗಳಿಗೆ ಮೊದಲೇ ಒಟ್ಟಿಗೆ ತಗೊಳ್ಳೋ ಟಿಕೆಟ್ ಕೊಂಡೋರನ್ನ ಗಮನಿಸಿದ್ರು, ರಿಯಾಯಿತಿಯಲ್ಲಿ ಕೊಂಡೋರಿಗಿಂತ ಪೂರ್ತಿ ದುಡ್ಡು ಕೊಟ್ಟೋರು ಸೀಸನ್ನಿನ ಮೊದಲರ್ಧದಲ್ಲಿ ಜಾಸ್ತಿ ನಾಟಕಕ್ಕೆ ಬಂದ್ರು. ದುಡ್ಡು ಹಾಕಿದೀವಿ ಅನ್ನೋದೇ ಎಳೀತಿರತ್ತೆ. ಓಡ್ದೇ ಇರೋ ಸರಕನ್ನ ವರ್ಷಗಟ್ಲೆ ಇಟ್ಕೊಂಡು ಕೂರೋದೂ ಇದಕ್ಕೇ. "ಇದು ನನ್ನ ಹತ್ರ ಇಲ್ದೇ ಇದ್ದಿದ್ರೆ ಇವತ್ತು ದುಡ್ಡು ಕೊಟ್ಟು ತರ್ತಿದ್ನಾ?" ಅಂತ ಕೇಳ್ಕೊಳ್ಳಿ. ಇಲ್ಲ ಅನ್ಸಿದ್ರೆ ಸಿಕ್ಕಷ್ಟಕ್ಕೆ ಮಾರಿ ಜಾಗ ಖಾಲಿ ಮಾಡಿ.

ಇವತ್ತು ರಾತ್ರಿ ಬಾಕಿ ಪಟ್ಟಿ ಬರೀರಿ. ನಾಳೆ ಮೊದಲ ಫೋನು ದೊಡ್ಡ ಬಾಕಿದಾರರಿಗೆ ಬೇಡ, ಎಲ್ಲಕ್ಕಿಂತ ಸಣ್ಣ ಬಾಕಿ ಇರೋರಿಗೆ ಮಾಡಿ. ಅಲ್ಲಿ ಬಾಯಿ ಪಳಗ್ಲಿ, ದೊಡ್ಡ ಬಾಕಿದಾರರಿಗೆ ವಾರದ ಕೊನೇಲಿ ಮಾಡಿದ್ರಾಯ್ತು.