ಹಳೇ ಮೆಟಲ್ ಬ್ಯಾಂಡಿಗೆ ಹೊಸ ಬೇಸಿಸ್ಟ್ ಆಗಿ ಸೇರಿದ್ದು: ನನ್ನ ಅನುಭವ

ಆಡಿಷನ್‌ಗೆ ಆಲ್ಬಂ ಕೇಳಿ ರೆಡಿಯಾಗಬೇಡಿ, ಗಿಗ್ (ಲೈವ್ ಶೋ) ವಿಡಿಯೊ ನೋಡಿ ರೆಡಿಯಾಗಿ. ನಾನು ಇದನ್ನು ಹೇಳಿದಾಗ ಜಾಮ್ ರೂಮಿನಲ್ಲಿ (ಬ್ಯಾಂಡ್‌ಗಳು ಪ್ರಾಕ್ಟೀಸ್ ಮಾಡುವ ರೂಮು) ಎಲ್ಲರೂ ನಕ್ಕಿದ್ದರು. 'ಫೋನಲ್ಲಿ ತೆಗೆದ ವಿಡಿಯೊದಲ್ಲಿ ಬೇಸ್ ಎಲ್ಲಿ ಕೇಳ್ಸತ್ತೆ ಗುರು?' ಅಂದರು. ಕೇಳಿಸಲ್ಲ, ನಿಜ. ನನಗೆ ಬೇಕಿದ್ದದ್ದು ಬೇಸ್ ಗಿಟಾರ್ ಅಲ್ಲ, ಡ್ರಮ್ಮರ್ ಕಾಲು.

ಅದಕ್ಕೂ ಮೊದಲು ಒಂದೆರಡು ಬ್ಯಾಂಡ್‌ಗಳಲ್ಲಿ ಆಲ್ಬಂ ಪ್ರಕಾರವೇ ನುಡಿಸಿ ವಾಪಸ್ ಬಂದಿದ್ದೆ. ಒಂದು ಕಡೆ ಒಂದೂ ನೋಟ್ ತಪ್ಪಲಿಲ್ಲ, ಆದರೂ ಬೇಡ ಅಂದರು. ಆಲ್ಬಂ ಬಂದು ಹತ್ತು ವರ್ಷ ಆದ ಮೇಲೆ ಎಷ್ಟೋ ಬ್ಯಾಂಡ್‌ಗಳು ಅದನ್ನು ಹಾಗೇ ನುಡಿಸಲ್ಲ. ಸ್ಪೀಡ್ ಏರಿರುತ್ತದೆ, ಟ್ಯೂನಿಂಗ್ ಇಳಿದಿರುತ್ತದೆ. ಅಮೆರಿಕದ ಮೆಟಲ್ ಬ್ಯಾಂಡ್ ಮೆಟಾಲಿಕಾವನ್ನೇ ತಗೊಳ್ಳಿ. ಹಳೇ ಹಾಡುಗಳು ಆಲ್ಬಂನಲ್ಲಿ ಇ ಟ್ಯೂನಿಂಗ್, ಈಗ ಸ್ಟೇಜ್ ಮೇಲೆ ಇ ಫ್ಲಾಟ್, ಅಂದರೆ ಅರ್ಧ ಸ್ವರ ಕೆಳಗೆ. ಅವರ 1988ರ ಆಲ್ಬಂನಲ್ಲಂತೂ ಆಗಿನ ಬೇಸಿಸ್ಟ್ ಜೇಸನ್ ನ್ಯೂಸ್ಟೆಡ್ ಬೇಸ್ ಕೇಳಿಸುವುದೇ ಕಷ್ಟ. ಅದನ್ನು ಇಟ್ಟುಕೊಂಡು ಏನು ಕಲಿಯೋದು?

ನಾನು ಸೇರಬೇಕಿದ್ದ ಬ್ಯಾಂಡಿನ ಇತ್ತೀಚಿನ ವಿಡಿಯೊ ಸಿಕ್ಕಷ್ಟೂ ಇಳಿಸಿಕೊಂಡೆ. ಒಂದು ಹಾಡಿನ ಬ್ರೇಕ್‌ಡೌನ್ (ನಿಧಾನಕ್ಕೆ ಬರುವ ಭಾರೀ ಭಾಗ) ಆಲ್ಬಂನಲ್ಲಿ ನಾಲ್ಕು ಸಲ ಬರುತ್ತದೆ. ಗಿಗ್‌ಗಳಲ್ಲಿ ಒಮ್ಮೆ ಎಂಟು, ಒಮ್ಮೆ ಹನ್ನೆರಡು. ಯಾಕೆ ಅಂತ ನೋಡಿದರೆ ವೋಕಲಿಸ್ಟ್ ನೀರು ಕುಡಿಯುತ್ತಿರುತ್ತಾನೆ! ಅವನು ಬಾಟಲಿ ಕೆಳಗಿಟ್ಟ ಕೂಡಲೇ ಡ್ರಮ್ಮರ್ ಎಡಗಾಲು ಹೈ-ಹ್ಯಾಟ್ (ಕಾಲಲ್ಲಿ ತೆರೆದು ಮುಚ್ಚುವ ಜೋಡಿ ತಾಳ) ಬಿಟ್ಟು ಡಬಲ್ ಪೆಡಲ್ (ದೊಡ್ಡ ಡ್ರಮ್ಮನ್ನು ಎರಡೂ ಕಾಲಲ್ಲಿ ಬಾರಿಸುವ ಪೆಡಲ್) ಮೇಲೆ ಬರುತ್ತದೆ. ಮುಂದಿನ ಬಾರ್‌ಗೆ (ತಾಳದ ಮುಂದಿನ ಸುತ್ತಿಗೆ) ಎಲ್ಲರೂ ಬದಲಾಗುತ್ತಾರೆ. ಆಡಿಷನ್ ದಿನ ಆ ಕಾಲು ಕಾಣುವ ಜಾಗದಲ್ಲೇ ನಿಂತೆ. ಸರಿಯಾದ ಬಾರ್‌ಗೆ ನಾನೂ ಬದಲಾದೆ. ಡ್ರಮ್ಮರ್ ಅಣ್ಣ ಸ್ಟಿಕ್ ಪಕ್ಕಕ್ಕಿಟ್ಟು, 'ಇದನ್ನ ನಿಂಗ್ಯಾರು ಹೇಳ್ಕೊಟ್ಟಿದ್ದು?' ಅಂದರು.

ಇನ್ನು ದುಡ್ಡಿನ ವಿಷಯ. ಬ್ಯಾಂಡ್ ನುಡಿಸುವುದು ಬಿ ಟ್ಯೂನಿಂಗ್‌ನಲ್ಲಿ (ಇ ಗಿಂತ ತುಂಬಾ ಕೆಳಗೆ), ನನ್ನದು ಇ ತನಕ ಮಾತ್ರ ಇಳಿಯುವ ನಾಲ್ಕು ತಂತಿ ಬೇಸ್. ಒಳ್ಳೇ ಐದು ತಂತಿಯದಕ್ಕೆ ನಲವತ್ತು ಸಾವಿರ ಬೇಕು, ಎಲ್ಲಿಂದ ತರೋದು? ಐದು ತಂತಿಗಳ ಸೆಟ್ ತಂದೆ, ಸುಮಾರು 2,500 ಇರಬೇಕು. ತೆಳು ತಂತಿ ಬಿಟ್ಟು ಉಳಿದ ನಾಲ್ಕನ್ನು ಹಾಕಿಸಿದೆ. ನಟ್ (ತಂತಿಗಳು ಕೂರುವ ಪಟ್ಟಿ) ಉಜ್ಜಿಸಿ ಸೆಟಪ್ ಮಾಡಿಸಲು ಇನ್ನೊಂದು ಸಾವಿರದೈನೂರು. ಮೊದಲ ಸಲ ಇಂಟೊನೇಷನ್ (ಬೇಸಿನ ಉದ್ದಕ್ಕೂ ಸ್ವರ ಸರಿ ಬರುವುದು) ಕೂರಲೇ ಇಲ್ಲ, ಆ ದುಡ್ಡು ಹೋಯ್ತು, ಬೇರೆಯವರ ಹತ್ತಿರ ಮತ್ತೆ ಮಾಡಿಸಿದೆ. ಜಾಮ್ ರೂಮ್ ಗಂಟೆಗೆ ನಾನೂರು-ಐನೂರು. ಗಿಗ್‌ಗೆ ನನ್ನ ಪಾಲು ಮೂರು ಸಾವಿರ ಬಂದರೆ ಅದೇ ಜಾಸ್ತಿ. 2003ರಲ್ಲಿ ರಾಬರ್ಟ್ ಟ್ರುಹಿಯೊ ಬೇಸಿಸ್ಟ್ ಆಗಿ ಸೇರಿದಾಗ ಮೆಟಾಲಿಕಾದವರು 10 ಲಕ್ಷ ಡಾಲರ್ ಮುಂಗಡ ಅಂತ ಮುಂದಿಟ್ಟರು. ನನಗೆ ಸಿಕ್ಕಿದ್ದು ಒಂದು ಟೀ ಶರ್ಟ್, ಅದೂ ಹಳೇ ಬೇಸಿಸ್ಟ್ ಸೈಜು.

ಆಡಿಷನ್ ತಯಾರಿ ಮಧ್ಯದಲ್ಲಿ ಸುಮ್ನೆ ಇನ್ನೊಂದು ನೋಡಿದೆ. ವಿಡಿಯೊ ಆಡಿಯೊದಿಂದ ಡ್ರಮ್ಸ್ ಮಾತ್ರ ಬೇರೆ ಮಾಡುವ ಸಾಫ್ಟ್‌ವೇರ್ ಇದೆಯಲ್ಲ, ಅದು. ಸ್ಟುಡಿಯೊ ಟ್ರ್ಯಾಕ್‌ಗೆ ಚೆನ್ನಾಗಿದೆ. ಫೋನ್ ರೆಕಾರ್ಡಿಂಗ್‌ಗೆ ಹಾಕಿದರೆ ಕಿಕ್ (ಕಾಲಲ್ಲಿ ಬಾರಿಸುವ ದೊಡ್ಡ ಡ್ರಮ್) ಯಾವುದು, ಜನರ ಕೂಗು ಯಾವುದು ಗೊತ್ತಾಗಲ್ಲ. ಬಿಟ್ಟೆ.

ಹಳೇ ಬೇಸಿಸ್ಟ್ ಬೆರಳಲ್ಲಿ ನುಡಿಸುತ್ತಿದ್ದರು, ನಾನು ಪಿಕ್ (ತಂತಿ ಮೀಟುವ ಪ್ಲಾಸ್ಟಿಕ್ ಚೂರು) ಹಿಡಿದು. ಮೊದಲ ಗಿಗ್‌ನಲ್ಲಿ ಅವರ ಫ್ಯಾನ್‌ಗಳು ಮುಂದಿನ ಸಾಲಲ್ಲಿ ಕೈ ಕಟ್ಟಿಕೊಂಡು ನಿಂತಿದ್ದರು. ಮೂರನೇ ಹಾಡಿಗೆ ತಲೆ ಅಲ್ಲಾಡೋಕೆ ಶುರುವಾಯ್ತು. ಎರಡು ಡಿಸ್ಟಾರ್ಷನ್ ಗಿಟಾರ್ ನಡುವೆ ಪಿಕ್ ಸೌಂಡ್ ಚೆನ್ನಾಗಿ ತೂರಿ ಬರುತ್ತದೆ. ಯಾವ ಪಿಕ್, ಎಲ್ಲಿ ಹಿಡಿಯೋದು ಅಂತ ಮಾತ್ರ ಕೇಳಬೇಡಿ, ಇನ್ನೊಂದು ವರ್ಷ ಹೇಳಲ್ಲ.